ಸ್ಕೇಲ್ ಚೇಂಜರ್ ಹಾರ್ಮೋನಿಯಂ: ಬೇಸಿಗೆಯ ಗೀತನಾಟಕಕ್ಕೆ ಬೇಕೇ, ಸಾದಾ ಪೆಟ್ಟಿಗೆ ಸಾಕೇ?

ಹಾಡು ಜಾಸ್ತಿ ಇರುವ ನಾಟಕ ಕೈಗೆತ್ತಿಕೊಂಡ ಹವ್ಯಾಸಿ ತಂಡಕ್ಕೆ ಮೊದಲು ಎದುರಾಗುವ ದೊಡ್ಡ ಖರ್ಚು ಹಾರ್ಮೋನಿಯಂದು. ಅಂಗಡಿಗೆ ಹೋದರೆ ಎದುರಿಗೆ ತಂದಿಡುವುದು ಸ್ಕೇಲ್ ಚೇಂಜರ್, ಅಂದರೆ ಬೆರಳೊತ್ತುವ ಮನೆಗಳ (ಕೀಗಳ) ಸಾಲನ್ನೇ ಸರಿಸಿ ಶ್ರುತಿ ಬದಲಿಸುವ ಪೆಟ್ಟಿಗೆ. ಯಾವ ಶ್ರುತಿ ಬೇಕಾದರೂ ಒಂದೇ ಸೆಕೆಂಡು ಅನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಆ ಒಂದು ಸೆಕೆಂಡು ಪೆಟ್ಟಿಗೆಗೆ ಮಾತ್ರ ಅನ್ವಯ, ಪಕ್ಕದಲ್ಲಿ ಕೂತ ತಬಲಾಕ್ಕೂ ಕೊಳಲಿಗೂ ಅದು ಗೊತ್ತಿಲ್ಲ.

ಇಲ್ಲಿ ನೋಡುತ್ತಿರುವುದು 9 ಸ್ಕೇಲಿನ, ಅಂದರೆ ಒಂಬತ್ತು ಶ್ರುತಿಗೆ ಸರಿಯುವ, 39 ಮನೆಗಳ, ಬಾಸ್ (ಕೆಳ ಸ್ಥಾಯಿ) ಮತ್ತು ಮೇಲ್ (ಅದರ ಮೇಲಿನ ಸ್ಥಾಯಿ) ಎರಡು ಸಾಲು ರೀಡಿನ (ದನಿ ಕೊಡುವ ಹಿತ್ತಾಳೆ ನಾಲಗೆ), ಕಪ್ಲರ್ (ಒಂದು ಮನೆ ಒತ್ತಿದರೆ ಇನ್ನೊಂದು ಸ್ಥಾಯಿಯ ಅದೇ ಸ್ವರವನ್ನೂ ಒತ್ತುವ ಏರ್ಪಾಡು) ಇರುವ ಮಧ್ಯಮ ದರ್ಜೆಯ ಪೆಟ್ಟಿಗೆ. ಮನೆಯಲ್ಲಿ ಭಜನೆಗೆ ಇಟ್ಟುಕೊಳ್ಳುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಏಪ್ರಿಲ್‌ನಲ್ಲಿ ತಾಲೀಮು ಹಿಡಿದು, ಮೇ ಮುಗಿಯುವುದರೊಳಗೆ ಶಿರಸಿಯಲ್ಲೊಂದು, ಕುಮಟೆಯಲ್ಲೊಂದು, ಕಾರವಾರದ ರಂಗಮಂದಿರದಲ್ಲೊಂದು ಪ್ರಯೋಗ ಮಾಡಬೇಕಾದ, ಹನ್ನೆರಡು ಹಾಡಿನ ನಾಟಕದ ತಂಡಕ್ಕೆ ಹೊಂದುವ ಲೆಕ್ಕ ಇದು. ಐದಕ್ಕೆ ಮೂರು ಕೊಡಬಹುದು. ಘಟ್ಟದ ಕೆಳಗಿನ ತಂಡವಾದರೆ ಎರಡೂವರೆ.

ಒಳಗಿನ ರಚನೆ ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಸಾದಾ ಪೆಟ್ಟಿಗೆಯಲ್ಲಿ ಮನೆಯೂ ಗಾಳಿಯ ತೂತನ್ನು ಮುಚ್ಚುವ ಚರ್ಮದ ಪಟ್ಟಿಯೂ ಒಂದೇ ಕಡ್ಡಿಯ ಎರಡು ತುದಿ. ಒತ್ತಿದರೆ ಹಿಂದಿನ ತುದಿ ಏಳುತ್ತದೆ, ತಿದಿಯ ಗಾಳಿ ರೀಡನ್ನು ನಡುಗಿಸಿ ಹೊರಬರುತ್ತದೆ. ಸ್ಕೇಲ್ ಚೇಂಜರಿನಲ್ಲಿ ಮನೆ ಬೇರೆ, ಮುಚ್ಚಳ ಬೇರೆ. ಮನೆಗಳ ಸಾಲು ಇಡಿಯಾಗಿ ಒಂದು ಚೌಕಟ್ಟಿನ ಮೇಲಿದ್ದು, ಗುಬ್ಬಿ (ಹಿಡಿಗುಂಡಿ) ತಿರುಗಿಸಿದರೆ ಮೇಲೆದ್ದು ಎಡಕ್ಕೋ ಬಲಕ್ಕೋ ಸರಿದು ಮುಂದಿನ ಕಚ್ಚಿನಲ್ಲಿ ಕೂರುತ್ತದೆ. ಕಪ್ಪು 1ರ (ಸಪ್ತಕದ ಮೊದಲ ಕಪ್ಪು ಮನೆಯನ್ನು ಷಡ್ಜ, ಅಂದರೆ ‘ಸ’, ಮಾಡಿಕೊಂಡ ಶ್ರುತಿ; ಬಿಳಿ 4, ಕಪ್ಪು 3 ಎಲ್ಲ ಹೀಗೇ) ಬೆರಳಿನಲ್ಲೇ ಕಪ್ಪು 3ರ ಹಾಡು ನುಡಿಸಲು ಸಾಧ್ಯವಾಗುವುದು ಇದರಿಂದ. ತೂಕ ಹದಿನೈದು ಕೆಜಿಯ ಆಸುಪಾಸಿಗೆ ಏರುವುದು, ಕೆಡಬಹುದಾದ ಜಾಗಗಳು ಹೆಚ್ಚುವುದು, ಬೆಲೆ ಮೇಲೆ ಹೋಗುವುದು, ಎಲ್ಲಕ್ಕೂ ಕಾರಣ ಇದೇ ಚೌಕಟ್ಟು.

ಹಿಂದೆ ಮಾರಿಕಾಂಬಾ ಜಾತ್ರೆಗೆ ಶಿರಸಿಯಲ್ಲಿ ಬಿಡಾರ ಹೂಡುತ್ತಿದ್ದ ಕಂಪನಿ ನಾಟಕಗಳ ಹಾರ್ಮೋನಿಯಂ ಮಾಸ್ತರರಿಗೆ ಇದು ಬೇಕಿರಲಿಲ್ಲ. ಕಾಲಿನಲ್ಲಿ ತಿದಿ ತುಳಿಯುತ್ತ, ಎರಡೂ ಕೈಯಲ್ಲಿ, ಯಾವ ಮನೆಯನ್ನು ಬೇಕಾದರೂ ಷಡ್ಜ ಮಾಡಿಕೊಂಡು ನುಡಿಸುತ್ತಿದ್ದರು. ಇವತ್ತಿನ ಹವ್ಯಾಸಿ ತಂಡದಲ್ಲಿ ಪೆಟ್ಟಿಗೆಗೆ ಕೂರುವವರು ಹೆಚ್ಚಾಗಿ ಒಂದೋ ಎರಡೋ ಶ್ರುತಿಯ ಬೆರಳು ಮಾತ್ರ ಬಲ್ಲವರು. ಅಂಥವರಿಗೆ ಇದು ನಿಜವಾದ ಅನುಕೂಲ. ನಾಲ್ಕು ಶ್ರುತಿಯಲ್ಲಿ ಬೆರಳು ಓಡುವವರಿದ್ದರೆ ಇದಕ್ಕೆ ದುಡ್ಡು ಸುರಿಯುವುದು ವ್ಯರ್ಥ.

ಈಗ ಶ್ರುತಿ ಗೊತ್ತುಮಾಡುವ ವಿಷಯ. ಪ್ರತಿ ಹಾಡಿನ ತೀರಾ ಕೆಳಗಿನ ಮತ್ತು ತೀರಾ ಮೇಲಿನ ಸ್ವರ ಬರೆದುಕೊಳ್ಳಿ. ಮಂದ್ರ ಪಂಚಮದಿಂದ (ಕೆಳ ಸ್ಥಾಯಿಯ ‘ಪ’) ತಾರ ಗಾಂಧಾರ (ಮೇಲಿನ ಸ್ಥಾಯಿಯ ‘ಗ’) ಅಂತಿಟ್ಟುಕೊಳ್ಳಿ. ಪಾತ್ರಧಾರಿಯನ್ನು ಎದ್ದು ನಿಲ್ಲಿಸಿ ಆ ಎರಡೂ ಸ್ವರಗಳನ್ನು ನಾಲ್ಕು ನಾಲ್ಕು ಎಣಿಕೆ ಹಿಡಿಸಿ. ಗಂಡಸರ ಒಂಟಿ ಹಾಡು ಬಹುತೇಕ ಕಪ್ಪು 1ರಿಂದ ಕಪ್ಪು 2ರೊಳಗೆ ಬೀಳುತ್ತದೆ, ಹೆಂಗಸರದು ಬಿಳಿ 5ರಿಂದ ಕಪ್ಪು 5ರೊಳಗೆ. ಇಬ್ಬರೂ ಕೂಡಿ ಹಾಡುವ ಮೇಳಕ್ಕೆ ಬಿಳಿ 4, ಹೆಚ್ಚೆಂದರೆ ಕಪ್ಪು 3. ತಾರಕ್ಕೆ ಏರುವಲ್ಲಿ ಗಂಡಸರು ಸ್ಥಾಯಿ ಇಳಿಸಿಕೊಳ್ಳುತ್ತಾರೆ. ಕುಣಿತ ಇರುವ ಹಾಡನ್ನೆಲ್ಲ ಒಂದು ಮನೆ ಕೆಳಗೆ ತನ್ನಿ. ಚಾಪೆ ಮೇಲೆ ಕೂತಾಗ ಸಲೀಸಾಗಿ ಸಿಕ್ಕ ತಾರ ಷಡ್ಜ, ಎರಡು ಸುತ್ತು ಹೆಜ್ಜೆ ಹಾಕಿದ ಮೇಲೆ ಸಿಗುವುದಿಲ್ಲ.

ಹೀಗೆ ಒಬ್ಬೊಬ್ಬರ ಗಂಟಲು ನೋಡಿ ಇಟ್ಟರೆ ಹನ್ನೆರಡು ಹಾಡಿಗೆ ಏಳೆಂಟು ಶ್ರುತಿ ಬಂದು ನಿಲ್ಲುತ್ತವೆ. ಪೆಟ್ಟಿಗೆ ಅಷ್ಟಕ್ಕೂ ಸೈ ಅನ್ನುತ್ತದೆ. ತಂಡ ದಾರಿ ತಪ್ಪುವುದು ಇಲ್ಲೇ. ಕಪ್ಪು 1ಕ್ಕೆ ಐದೂವರೆ ಇಂಚು ಬಾಯಿಯ ದಾಯಾಂ (ಶ್ರುತಿಗೆ ಕೂಡಿಸುವ ಬಲಗೈ ತಬಲಾ) ಬೇಕು, ಕಪ್ಪು 2ಕ್ಕೆ ಐದು ಅಥವಾ ಐದೂಕಾಲು ಇಂಚಿನದು. ಸುತ್ತಿಗೆಯಲ್ಲಿ ಒಂದು ಮನೆಯಷ್ಟು ಏರಿಸಿ ಇಳಿಸಬಹುದಾದರೂ ಸುತ್ತ ಹೊಡೆದು ಸಮ ಮಾಡಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಕತ್ತಲಾದ ರಂಗದ ಪಕ್ಕ ಆ ಟಕ್ ಟಕ್ ಕೊನೇ ಸಾಲಿನವರೆಗೂ ಕೇಳುತ್ತದೆ.

ಎರಡೇ ದಾಯಾಂನಲ್ಲಿ ನಾಲ್ಕು ಶ್ರುತಿ ನಿಭಾಯಿಸುವ ದಾರಿ ಒಂದಿದೆ. ಒಂದನ್ನು ಕಪ್ಪು 1ಕ್ಕೆ, ಇನ್ನೊಂದನ್ನು ಕಪ್ಪು 2ಕ್ಕೆ ಹಚ್ಚಿ. ಕಪ್ಪು 3ರ ಪಂಚಮ ಕಪ್ಪು 1, ಕಪ್ಪು 4ರ ಪಂಚಮ ಕಪ್ಪು 2. ಹಾಗಾಗಿ ಗಂಡಸರ ಹಾಡುಗಳಿಗೆ ತಬಲಾ ಷಡ್ಜದಲ್ಲಿ, ಮೇಳದ ಮತ್ತು ಹೆಂಗಸರ ಹಾಡುಗಳಿಗೆ ಅದೇ ತಬಲಾ ಪಂಚಮದಲ್ಲಿ ನಿಲ್ಲುತ್ತದೆ. ಎಲ್ಲ ಹಾಡನ್ನೂ ಈ ನಾಲ್ಕರಲ್ಲಿ ಒಂದಕ್ಕೆ ಒಗ್ಗಿಸಿ. ಯಾರಿಗೋ ಒಂದು ಮನೆ ಹೆಚ್ಚು ಕಡಿಮೆ ಆದರೆ ಆಗಲಿ. ಹಿಂದೋಳ, ಮಾಲಕಂಸದಂಥ ಪಂಚಮ ಬಿಟ್ಟ ರಾಗದ ಹಾಡಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಅದನ್ನು ತಬಲಾ ಷಡ್ಜದಲ್ಲಿರುವ ಶ್ರುತಿಗೇ ತರಬೇಕು. ಯಕ್ಷಗಾನದ ಮಟ್ಟು ಸೇರಿಸಿ ಮದ್ದಳೆ ಇಡುವ ಆಸೆ ನಮ್ಮ ಕಡೆಯ ತಂಡಗಳಿಗೆಲ್ಲ ಇರುತ್ತದೆ. ಮದ್ದಳೆ ಶ್ರುತಿಗೆ ಸರಿಯಾಗಿ ಕೂತರೇ ಚಂದ, ಆದ್ದರಿಂದ ಆ ಹಾಡುಗಳನ್ನೆಲ್ಲ ಒಂದೇ ಶ್ರುತಿಯಲ್ಲಿಟ್ಟು, ನಾಟಕದಲ್ಲಿ ಒಂದೇ ಕಡೆ ಬರುವಂತೆ ನಿರ್ದೇಶಕರ ಬಳಿ ಮೊದಲೇ ಹೇಳಿಬಿಡಿ.

ನಾಲ್ಕೇ ಶ್ರುತಿ ಅಂತಾದ ಮೇಲೆ ಒಂಬತ್ತು ಸ್ಕೇಲಿಗೆ ಕೊಟ್ಟ ಹಣದಲ್ಲಿ ಅರ್ಧ ದಂಡ ಎಂದು ಅನ್ನಿಸದಿರದು. 11 ಅಥವಾ 13 ಸ್ಕೇಲಿನದನ್ನು ಹೊಗಳಿ ಮಾರಲು ಬಂದರೆ ಈ ಲೆಕ್ಕ ನೆನಪಿರಲಿ.

ಕೊಳಲಿನ ತೊಂದರೆ ಬೇರೆ ತರಹದ್ದು. ಬಿಸಿ ಏರಿದಂತೆ ಕೊಳಲಿನೊಳಗಿನ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚಿ ಶ್ರುತಿ ಏರುತ್ತದೆ, ಒಂದು ಡಿಗ್ರಿಗೆ ಸುಮಾರು 3 ಸೆಂಟ್ (ಪಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್). ಹಿತ್ತಾಳೆಯ ರೀಡು ಬಿಸಿಗೆ ತುಸು ಮೆತ್ತಗಾಗಿ ಅದೇ ಹೊತ್ತಿಗೆ ಚೂರು ಇಳಿಯುತ್ತದೆ. ಶಿರಸಿಯ ತಂಪು ಬೆಳಗ್ಗೆ ಕೂಡಿಸಿದ ಕೊಳಲೂ ಪೆಟ್ಟಿಗೆಯೂ ಕಾರವಾರದ ಮೇ ಸಂಜೆ, ಹ್ಯಾಲೋಜನ್ ದೀಪದ ಕೆಳಗೆ, ಕಿವಿಗೆ ಚುಚ್ಚುವಷ್ಟು ದೂರ ಸರಿದಿರುತ್ತವೆ. ಪೆಟ್ಟಿಗೆಯ ಕಡೆಯಿಂದ ಮಾಡುವುದಕ್ಕೆ ಏನೂ ಇಲ್ಲ. ಸ್ಕೇಲ್ ಬದಲಿಸಿದರೆ ನೂರು ಸೆಂಟ್ ಒಟ್ಟಿಗೇ ಜಿಗಿಯುತ್ತದೆ. ಕೊಳಲಿನವರೇ ತುಟಿಯ ಕೋನದಲ್ಲಿ ಇಳಿಸಿಕೊಳ್ಳಬೇಕು, ವಾದ್ಯದವರನ್ನು ದೀಪದ ನೇರಕ್ಕೆ ಕೂರಿಸದಿದ್ದರೆ ಅವರ ಕೆಲಸ ಅರ್ಧ ಹಗುರ.

ಕೊಳ್ಳಲು ಹೋದಾಗ ರಾಗ ನುಡಿಸಿ ನೋಡುವುದನ್ನು ಕೊನೆಗಿಡಿ. ಮೊದಲು ಎಲ್ಲ ಸ್ಟಾಪು (ರೀಡಿಗೆ ಗಾಳಿ ಬಿಡುವ ಎಳೆಗುಂಡಿ) ಮುಚ್ಚಿ ತಿದಿ ಒತ್ತಿ. ಕೈಗೆ ಗಟ್ಟಿ ತಡೆ ಸಿಗಬೇಕು, ಮೆಲ್ಲಗೆ ಕುಸಿದರೆ ತಿದಿಯಲ್ಲೋ ಕೂಡುವ ಅಂಚಿನಲ್ಲೋ ಸೋರಿಕೆ ಇದೆ. ಆಮೇಲೆ ಸ್ಟಾಪು ತೆರೆದು, ಯಾವ ಮನೆಯನ್ನೂ ಮುಟ್ಟದೆ ಮತ್ತೆ ಒತ್ತಿ. ಎಲ್ಲಿಂದಲಾದರೂ ಕುಂಯ್ ಎಂದರೆ ಒಂದು ಮುಚ್ಚಳ ಸರಿಯಾಗಿ ಕೂತಿಲ್ಲ. ಈ ಎರಡನೆಯದನ್ನು ಒಂಬತ್ತೂ ಕಚ್ಚಿನಲ್ಲಿ ಮಾಡಬೇಕು, ಏಕೆಂದರೆ ಮಧ್ಯದ ಕಚ್ಚಿನಲ್ಲಿ ಮೌನವಾಗಿದ್ದ ಪೆಟ್ಟಿಗೆ ಆರನೆಯದರಲ್ಲಿ ಅಳಬಹುದು. ಸಾಲನ್ನು ಎರಡೂ ತುದಿಗೆ ಸರಿಸಿ ಕೊನೆಯ ಮೂರು ಮನೆ ನುಡಿಸಿ. ಕೆಲವು ಪೆಟ್ಟಿಗೆಗಳಲ್ಲಿ ಅವಕ್ಕೆ ಕೆಳಗೆ ರೀಡೇ ಇರುವುದಿಲ್ಲ. ಬಾಸ್ ಮತ್ತು ಮೇಲ್ ಎರಡನ್ನೂ ತೆರೆದು ಒಂದೊಂದೇ ಮನೆ ಹಿಡಿದು ಕೇಳಿ. ದನಿ ಅಲೆ ಅಲೆಯಾಗಿ ತೂಗಿದರೆ ಎರಡು ರೀಡು ಕೂಡಿಲ್ಲ. ಅಲೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚಿದ್ದರೆ ಶ್ರುತಿ ಮಾಡಿಸಿಯೇ ತನ್ನಿ. ಕಪ್ಲರ್ ಹಾಕಿದಾಗ ಮನೆ ಎಷ್ಟು ಭಾರವಾಗುತ್ತದೆ ನೋಡಿ. ಎರಡು ಗಂಟೆಯ ನಾಟಕದಲ್ಲಿ ಬೆರಳು ಸೋಲುವುದು ಅದರಿಂದಲೇ. ಜರ್ಮನ್ ರೀಡು ಎಂಬ ಮಾತಿಗೆ ಹೆಚ್ಚಿನ ಹಣ ಬೇಡ, ಗುಜರಾತಿನ ಪಾಲಿತಾಣದ ಒಳ್ಳೆಯ ರೀಡು ನಾಟಕಕ್ಕೆ ಧಾರಾಳ ಸಾಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದರ ಶತ್ರು ತೇವ. ಭರಣಿ ಮಳೆಯ ನಾಲ್ಕು ಹನಿ ಬಿದ್ದು, ಕೃತ್ತಿಕೆ ಗುಡುಗಿದರೆ ಸಾಕು, ಮರ ಉಬ್ಬುತ್ತದೆ. ಸಾದಾ ಪೆಟ್ಟಿಗೆಯಲ್ಲಿ ಉಬ್ಬಿದ ಮನೆ ಪಕ್ಕದ ಮನೆಗೆ ತಾಗಿ ಸಿಕ್ಕಿಕೊಳ್ಳುತ್ತದೆ, ಅಷ್ಟೆ. ಇದರಲ್ಲಿ ಚೌಕಟ್ಟೂ ಉಬ್ಬಿ ಕಚ್ಚಿನಲ್ಲಿ ಪೂರ್ತಿ ಇಳಿಯುವುದಿಲ್ಲ. ಕಾಗದದ ದಪ್ಪದಷ್ಟು ಮೇಲೆ ನಿಂತರೂ ಒಂದಿಷ್ಟು ಮನೆಗಳು ಒತ್ತಿದರೆ ಉಸಿರು ಮಾತ್ರ ಬಿಡುತ್ತವೆ, ಇನ್ನೊಂದಿಷ್ಟು ಒತ್ತದೆಯೇ ಕೂಗುತ್ತವೆ. ಜೋರಾಗಿ ಅದುಮಿ ಕೂರಿಸಬೇಡಿ, ಅದರಿಂದ ಕೆಳಗಿನ ಕಡ್ಡಿಗಳು ಬಾಗುತ್ತವೆ. ಗುಬ್ಬಿ ಪೂರ್ತಿ ಎತ್ತಿ, ಒಂದು ಕಚ್ಚು ಆಚೆ ಹೋಗಿ ವಾಪಸ್ ಬನ್ನಿ. ಅದಕ್ಕೂ ಬಗ್ಗದಿದ್ದರೆ ಆ ದಿನ ಸರಿಯಾಗಿ ಕೂರುವ ಕಚ್ಚಿನಲ್ಲೇ ನಾಟಕ ಮುಗಿಸುವುದು ಕ್ಷೇಮ.

ಒಂದೇ ಮನೆ ಸಿಕ್ಕಿಕೊಂಡಿದ್ದರೆ ಮೇಲಿನ ಜಾಲರಿ ಹಲಗೆ ತೆಗೆದು ಪಕ್ಕದಿಂದ ನೋಡಿ. ಎರಡು ಮನೆ ತಾಗುವ ಜಾಗದಲ್ಲಿ ಮರ ನುಣ್ಣಗೆ ಹೊಳೆಯುತ್ತಿರುತ್ತದೆ. ನಯವಾದ ಮರಳು ಕಾಗದವನ್ನು ಅಲ್ಲಿ ಎರಡು ಸಲ ಎಳೆದರೆ ಸಾಕು, ಮೂರನೆಯ ಸಲ ಬೇಡ. ಹೆಚ್ಚು ಉಜ್ಜಿದರೆ, ಬೇಸಿಗೆಯಲ್ಲಿ ಮರ ಒಣಗಿದಾಗ ಮನೆ ಸಡಿಲಾಗಿ ಗಲಗಲ ಅನ್ನುತ್ತದೆ. ಎಣ್ಣೆ ಹಾಕಬೇಡಿ, ಮರ ಅದನ್ನು ಕುಡಿದು ಇನ್ನಷ್ಟು ಉಬ್ಬುತ್ತದೆ. ದನಿಯೇ ಬಾರದ ರೀಡಿನಲ್ಲಿ ಹತ್ತಕ್ಕೆ ಒಂಬತ್ತು ಸಲ ಕೂತಿರುವುದು ಧೂಳಿನ ಎಳೆ. ತೆಳು ಕಾಗದವನ್ನು ನಾಲಗೆಯ ಕೆಳಗೆ ತೂರಿಸಿ ಹಗುರಾಗಿ ಎಳೆದರೆ ಬಿಡುತ್ತದೆ. ಕೆರೆದು ಶ್ರುತಿ ಮಾಡುವುದನ್ನು ಮಾತ್ರ ಕೈ ಬಲ್ಲವರಿಗೆ ಬಿಡಿ: ತುದಿಯ ಕಡೆ ಕೆರೆದರೆ ಏರುತ್ತದೆ, ಬುಡದ ಕಡೆ ಕೆರೆದರೆ ಇಳಿಯುತ್ತದೆ, ಹೆಚ್ಚು ಕೆರೆದರೆ ಮುರಿಯುತ್ತದೆ. ಸ್ಕೇಲ್ ಚೇಂಜರ್ ಬಿಚ್ಚಿ ಜೋಡಿಸುವವರು ಹತ್ತಿರ ಸಿಗುವುದು ಕಷ್ಟ, ಹುಬ್ಬಳ್ಳಿಗೋ ಮೀರಜಿಗೋ ಒಯ್ಯಬೇಕಾದೀತು. ಮೇ ಮಧ್ಯದಲ್ಲಿ ಕೆಟ್ಟರೆ ಆ ಸೀಸನ್ನಿಗೆ ಅದು ಇಲ್ಲ ಎಂದೇ ಲೆಕ್ಕ. ಕರಾವಳಿಯ ಉಪ್ಪುಗಾಳಿಗೆ ಹಿತ್ತಾಳೆ ರೀಡು ತಡೆಯುತ್ತದೆ, ಉಕ್ಕಿನ ಸ್ಪ್ರಿಂಗ್ ಮತ್ತು ಸ್ಕ್ರೂ ತಡೆಯುವುದಿಲ್ಲ. ಸ್ಕೇಲ್ ಚೇಂಜರಿನಲ್ಲಿ ಇವೆರಡೂ ಹೆಚ್ಚು. ಮೇಲೆ ಅರ್ಧ ಅಂಕ ಕಡಿಮೆ ಹಾಕಿದ್ದು ಇದಕ್ಕೆ.

ದೇವಿಮನೆ ಘಟ್ಟ ಇಳಿಸಿ ಕುಮಟೆಗೆ ಒಯ್ಯುವಾಗ ಸಾಲನ್ನು ಮಧ್ಯದ ಕಚ್ಚಿನಲ್ಲಿ ಕೆಳಗಿಳಿಸಿ ಕೂರಿಸಿ, ತಿದಿಯ ಕೊಕ್ಕೆ ಹಾಕಿ. ಎತ್ತಿದ ಸ್ಥಿತಿಯಲ್ಲಿ ಒಯ್ದರೆ ಪ್ರತಿ ತಿರುವಿಗೂ ಚೌಕಟ್ಟು ಗಡಗಡ ಹೊಡೆದುಕೊಳ್ಳುತ್ತದೆ. ಟೆಂಪೋದಲ್ಲಿ ರಂಗಸಜ್ಜಿಕೆಯ ಜೊತೆ ಬೇಡ, ಯಾರಾದರೂ ಕಾರಿನಲ್ಲಿ ತರಲಿ, ಆದರೆ ಆ ಕಾರನ್ನು ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಬಾರದು, ಅಂಟು ಬಿಡುತ್ತದೆ. ಘಟ್ಟದ ಮೇಲಿನ ಹವೆಯಿಂದ ಬಂದ ಮರಕ್ಕೆ ಕೆಳಗಿನ ಸೆಕೆ ಒಗ್ಗಲು ಕನಿಷ್ಠ ಮೂರು ಗಂಟೆ ಬೇಕು. ಏಳು ಗಂಟೆಯ ಆಟಕ್ಕೆ ನಾಲ್ಕಕ್ಕೇ ಪೆಟ್ಟಿಗೆ ಮುಚ್ಚಳ ತೆರೆದು ಜಾಗದಲ್ಲಿರಲಿ.

ಪ್ರಯೋಗದ ಹೊತ್ತಿನಲ್ಲಿ ಸ್ಕೇಲ್ ಬದಲಿಸುವುದಕ್ಕೂ ಒಂದು ತಾಲೀಮು ಬೇಕು. ದೀಪ ಆರಿದಾಗ ಬಲಗೈ ಮನೆಗಳಿಂದ ಪೂರ್ತಿ ಎದ್ದಿರಬೇಕು, ತಿದಿಯ ಗಾಳಿ ಖಾಲಿಯಾಗಿರಬೇಕು. ಇಲ್ಲವಾದರೆ ಸಾಲು ಸರಿಯುವಾಗ ಹತ್ತು ರೀಡು ಒಟ್ಟಿಗೆ ನರಳಿ, ಸಾವಿನ ದೃಶ್ಯದ ನಂತರದ ಮೌನಕ್ಕೆ ಜನ ನಗುತ್ತಾರೆ. ಬೇಕಾದ ನಾಲ್ಕು ಕಚ್ಚಿಗೆ ರೇಡಿಯಂ ಸ್ಟಿಕ್ಕರಿನ ಚುಕ್ಕಿ ಅಂಟಿಸಿ: ಒಂದು ಚುಕ್ಕಿ, ಎರಡು, ಮೂರು, ನಾಲ್ಕು. ಹಾಡಿನ ಪಟ್ಟಿಯಲ್ಲೂ ಶ್ರುತಿಯ ಹೆಸರಿನ ಬದಲು ಚುಕ್ಕಿಗಳನ್ನೇ ಬರೆಯಿರಿ. ಬದಲಿಸಿದ ಕೂಡಲೇ ಷಡ್ಜವನ್ನು ತೀರಾ ಮೆಲ್ಲಗೆ ಮುಟ್ಟಿ ನೋಡುವುದು ರೂಢಿಯಾಗಲಿ. ತಪ್ಪು ಕಚ್ಚು ಆಗಿದ್ದರೆ ಹಾಡುವವರಿಗಿಂತ ಮೊದಲು ನುಡಿಸುವವರಿಗೆ ಗೊತ್ತಾಗಬೇಕು. ಇನ್ನೂರು ಜನರ ಸಭಾಂಗಣದಲ್ಲಿ ನಟರಿಗೆ ಮೈಕಿಲ್ಲದಿದ್ದರೆ ಪೆಟ್ಟಿಗೆಗೂ ಬೇಡ. ಬೇಕೇಬೇಕಾದರೆ ಒಂದು ಡೈನಮಿಕ್ ಮೈಕು, ಮನೆಗಳ ಮೇಲುಗಡೆ ಒಂದು ಗೇಣು ಎತ್ತರದಲ್ಲಿ, ತಿದಿಗೆ ಬೆನ್ನು ಹಾಕಿ.

ಬದಲಿಗೆ ಟ್ರಾನ್ಸ್‌ಪೋಸ್ ಗುಂಡಿ ಇರುವ ಎಲೆಕ್ಟ್ರಾನಿಕ್ ಕೀಬೋರ್ಡು? ಅಗ್ಗ, ಹಗುರ, ತೇವಕ್ಕೆ ಉಬ್ಬುವ ಭಯವಿಲ್ಲ. ತಬಲಾದ ಸಮಸ್ಯೆ ಅದಕ್ಕೂ ಅಷ್ಟೇ ಇದೆ, ಗುಡುಗಿಗೆ ಕರೆಂಟ್ ಹೋಗುವ ಸಂಜೆಗಳಲ್ಲಿ ಬ್ಯಾಟರಿ ನಂಬಿ ಕೂರಬೇಕು. ಮುಖ್ಯವಾಗಿ, ನಟ ಉಸಿರು ಸಾಲದೆ ಹಾಡಿನ ಸಾಲನ್ನು ಮೊಟಕು ಮಾಡಿದಾಗ ತಿದಿಯ ಕೈ ತಾನೂ ಮೆತ್ತಗಾಗಿ ಜೊತೆ ಕೊಡುತ್ತದಲ್ಲ, ಅದು ಗುಂಡಿಯಲ್ಲಿ ಬರುವುದಿಲ್ಲ. ತಂಡಕ್ಕೆ ಒಂದೇ ಪೆಟ್ಟಿಗೆ ಕೊಳ್ಳುವ ಶಕ್ತಿ ಇದ್ದರೆ, ಮೂರೂವರೆ ಸಪ್ತಕದ 42 ಮನೆಯ ಸಾದಾ ಪೆಟ್ಟಿಗೆ ತೆಗೆದುಕೊಂಡು, ಏಪ್ರಿಲ್‌ನ ಮೊದಲ ಹದಿನೈದು ದಿನ ನುಡಿಸುವವರಿಗೆ ಆ ನಾಲ್ಕು ಶ್ರುತಿಯ ಬೆರಳು ಕಲಿಸುವುದೇ ಒಳ್ಳೆಯ ಖರೀದಿ. ಸ್ಕೇಲ್ ಚೇಂಜರ್ ಈಗಾಗಲೇ ಮನೆಗೆ ಬಂದಾಗಿದ್ದರೆ ಬೇಸರ ಬೇಡ, ಮೇಲಿನ ನಾಲ್ಕು ಚುಕ್ಕಿಯಲ್ಲಿ ಅದು ಚೆನ್ನಾಗಿಯೇ ದುಡಿಯುತ್ತದೆ.

ಕೊನೆಯ ಪ್ರಯೋಗ ಮುಗಿದು ಮೃಗಶಿರಾ ಹಿಡಿಯುವ ಮೊದಲು ಒಳಗಿನ ಧೂಳನ್ನು ಮೆತ್ತನೆಯ ಕುಂಚದಲ್ಲಿ ಒರೆಸಿ, ಸಾಲನ್ನು ಇಳಿಸಿ, ಸ್ಟಾಪುಗಳನ್ನು ಮುಚ್ಚಿ, ಕಾಲು ಕೆಜಿ ಸಿಲಿಕಾ ಜೆಲ್ ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯ ಪಕ್ಕ ಇಟ್ಟು, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ತಿಂಗಳಿಗೊಮ್ಮೆ ಜೆಲ್ ತೆಗೆದು ಬಾಣಲೆಯಲ್ಲಿ ಬಿಸಿಮಾಡಿ ಒಣಗಿಸಿ ಮತ್ತೆ ಇಡಿ. ನುಸಿಗುಳಿಗೆ ಹಾಕುವುದಾದರೆ ಪಾಲಿಶಿಗೆ ತಾಗದಂತೆ ಬಟ್ಟೆಯಲ್ಲಿರಲಿ. ತಿದಿಯ ಬಟ್ಟೆ ಮತ್ತು ಅಂಟು ಇಲಿಗೆ ಬಲು ರುಚಿ, ಹಾಗಾಗಿ ಅಡಿಕೆ ಮೂಟೆ ಇರುವ ಅಟ್ಟದಲ್ಲಂತೂ ಇಡಬೇಡಿ.