ಯೆಜ್ಡಿ ಬಿಸಿಗೆ ಮದ್ದು: ಆಯಿಲ್ಲಾ, ಜೆಟ್ಟಾ, ಸೀಲಾ?

ಹಳೆ ಯೆಜ್ಡಿ ರೋಡ್‌ಕಿಂಗ್ ಬೈಕ್ ರೆಸ್ಟೋರ್ ಮಾಡಿಸಿದವರು ನಾಲ್ಕು ಜನ ಸೇರಿದರೆ ಮೊದಲು ಪೇಂಟು, ಕ್ರೋಮಿನ ಮಾತು. ಆಮೇಲೆ ಮೆಲ್ಲಗೆ ಇಂಜಿನ್ ವಿಪರೀತ ಬಿಸಿಯಾಗುವ ವಿಷಯ ಬರುತ್ತದೆ. ಘಾಟಿಯಲ್ಲಿ ಎಳೆಯೋದೇ ಇಲ್ಲ ಅಂತ ಒಬ್ಬರು, ಟಣಟಣ ಸದ್ದು ಬರುತ್ತೆ ಅಂತ ಇನ್ನೊಬ್ಬರು. ಮದ್ದು ಮಾತ್ರ ಒಬ್ಬೊಬ್ಬರದು ಒಂದೊಂದು. ಅವನ್ನೆಲ್ಲ ನನ್ನ ಗಾಡಿಗೇ ಒಂದೊಂದಾಗಿ ಮಾಡಿ ನೋಡಿದ್ದೇನೆ. ಪ್ರತಿ ಸಲವೂ ಅದೇ ದಾರಿ: ಚಾರ್ಮಾಡಿಯಿಂದ ಕೊಟ್ಟಿಗೆಹಾರಕ್ಕೆ ಏರು, ಹಿಂದೆ ಒಬ್ಬರು, ಜೊತೆಗೆ ಲಗೇಜು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1978ರಲ್ಲಿ ಶುರು ಮಾಡಿದ ಮಾಡೆಲ್ ಇದು. 250 ಸಿಸಿ ಟೂ ಸ್ಟ್ರೋಕ್, ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಬುಲೆಟ್ ಗೆಳೆಯರು ಆಯಿಲ್ ಕೂಲರ್ ಹಾಕಿಸು ಅನ್ನುತ್ತಾರೆ, ಆದರೆ ಇದರಲ್ಲಿ ಸುತ್ತಿ ಬರುವ ಇಂಜಿನ್ ಆಯಿಲೇ ಇಲ್ಲ, ಕೂಲರ್ ಎಲ್ಲಿಗೆ ಕಟ್ಟೋದು? ಹೊರಗಿನಿಂದ ಗಾಳಿ ತಣಿಸಬೇಕು, ಒಳಗಿನಿಂದ ಪೆಟ್ರೋಲ್. ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬರುವ ತಣ್ಣನೆ ಮಿಕ್ಸ್ಚರ್ (ಪೆಟ್ರೋಲ್, ಆಯಿಲ್, ಗಾಳಿ ಬೆರೆತದ್ದು) ಪಿಸ್ಟನ್ನಿನ ಬಿಸಿಯನ್ನೂ ಹೀರುತ್ತದೆ. ಹಾಗಾಗಿ ಪೆಟ್ರೋಲ್ ಕಮ್ಮಿಯಾದರೆ ಎರಡು ಕಡೆಯಿಂದ ಹೊಡೆತ.

ಅಳೆಯುವವರಿಗೆ ಒಂದು ಮಾತು. ಲೇಸರ್ ಚುಕ್ಕೆ ಬಿಡುವ ಗನ್ ಥರ್ಮಾಮೀಟರನ್ನು ಹೊಳೆಯುವ ಅಲ್ಯುಮಿನಿಯಂ ಹೆಡ್‌ಗೆ ಹಿಡಿದರೆ ಇರುವುದಕ್ಕಿಂತ ಎಷ್ಟೋ ಕಮ್ಮಿ ತೋರಿಸುತ್ತದೆ. ಸ್ಪಾರ್ಕ್ ಪ್ಲಗ್ ಪಕ್ಕ ಶಾಖ ತಡೆಯುವ ಕಪ್ಪು ಪೇಂಟಿನ ಬೊಟ್ಟು ಇಟ್ಟು, ಪ್ರತಿ ಸಲ ಅಲ್ಲಿಗೇ ಹಿಡಿಯಬೇಕು.

ಮೊದಲು ಆಯಿಲ್. ಇದರಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು, ನಮ್ಮ ಕಡೆ ಹಳಬರ ಲೆಕ್ಕ ಲೀಟರಿಗೆ 40 ಎಂಎಲ್. ಬಿಸಿ ಆಗ್ತಿದೆ ಅಂದ ಕೂಡಲೇ 'ಇನ್ನೊಂದು ಸ್ವಲ್ಪ ಹುಯ್ಯಿ' ಅನ್ನೋದು ವಾಡಿಕೆ. 60ಕ್ಕೆ ಏರಿಸಿದೆ. ಹೊಗೆ ಜಾಸ್ತಿ ಆಯ್ತು, ಪ್ಲಗ್ ಕರಿ ಕಟ್ಟಿತು, ಬಿಸಿ ಇಳಿಯಲಿಲ್ಲ. ಕಾರಣ ಸರಳ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನ ತೂತು ಅಷ್ಟೇ ಇದೆ. ಅದರಲ್ಲಿ ಆಯಿಲ್ ಜಾಸ್ತಿ ಹೋದರೆ ಪೆಟ್ರೋಲ್ ಆ ಮಟ್ಟಿಗೆ ಕಮ್ಮಿ. ಮಂದವಾದ ಮಿಕ್ಸ್ಚರ್ ಹರಿಯುವುದೂ ನಿಧಾನ. 40ಕ್ಕೇ ವಾಪಸ್ ಬಂದು ಜಾಸೋ ಎಫ್‌ಡಿ ದರ್ಜೆಯ (ಟೂ ಸ್ಟ್ರೋಕ್ ಆಯಿಲ್ ಡಬ್ಬದ ಮೇಲೆ ಬರೆದಿರುತ್ತದೆ) ಸೆಮಿ ಸಿಂಥೆಟಿಕ್ ಹಾಕಿದಾಗ ಕಾರ್ಬನ್ ಕಮ್ಮಿಯಾಯಿತು, ಬಿಸಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ದೋಣಿ ಇಂಜಿನ್ನಿಗೆ ಬರುವ ಟಿಸಿ-ಡಬ್ಲ್ಯೂ3 ಆಯಿಲ್ ಚೀಪಾಗಿ ಸಿಕ್ಕರೂ ಬೇಡ, ಅದು ನೀರಿನಲ್ಲಿ ತಣಿಯುವ ಇಂಜಿನ್ನಿಗೆ ಮಾಡಿದ್ದು.

ಆಮೇಲೆ ಜೆಟ್. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದೆ. ಹೈವೇಯಲ್ಲಿ ಪೂರ್ತಿ ತಿರುಗಿಸಿದಾಗ ಬಿಸಿ ಇಳಿದದ್ದು ನಿಜ. ಘಾಟಿಯಲ್ಲಿ ಮಾತ್ರ ಅದೇ ಕಥೆ. ತಿರುವಿನ ಮೇಲೆ ತಿರುವು ಇರುವ ಏರಿನಲ್ಲಿ ಆಕ್ಸಿಲರೇಟರ್ ಬಹುಪಾಲು ಅರ್ಧದ ಆಸುಪಾಸಿನಲ್ಲೇ ಇರುತ್ತದೆ ಅಲ್ವಾ? ಅಲ್ಲಿ ಕಾರುಬಾರು ಮೇನ್ ಜೆಟ್ಟಿನದಲ್ಲ, ಆಕ್ಸಿಲರೇಟರ್ ಜೊತೆ ಏರಿಳಿಯುವ ಕಾರ್ಬ್ಯುರೇಟರ್ ಸೂಜಿಯದು. ಹಳೆ ಜೆಟ್ಟನ್ನೇ ಇಟ್ಟು, ಸೂಜಿಯ ಕ್ಲಿಪ್ ಒಂದು ಗೀರು ಕೆಳಗಿಟ್ಟೆ. ಸೂಜಿ ಅಷ್ಟು ಮೇಲೆದ್ದು ಪೆಟ್ರೋಲ್ ಜಾಸ್ತಿ ಬಂತು. ಒಂದು ಪೈಸೆ ಖರ್ಚಿಲ್ಲ, ದೊಡ್ಡ ಜೆಟ್ಟಿಗಿಂತ ಒಳ್ಳೆ ಫಲ. ಈಗಿನ ಪೆಟ್ರೋಲಿಗೂ ಇದು ಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥನಾಲ್. ಅಷ್ಟೇ ಗಾಳಿಗೆ ಅದು ಜಾಸ್ತಿ ಬೇಕು, ಹಳೆ ಸೆಟ್ಟಿಂಗ್ ಹಾಗೇ ಬಿಟ್ಟರೆ ಗಾಡಿ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುವುದಿಲ್ಲ.

ಕೋಲ್ಡ್ ಪ್ಲಗ್ಗಿನ (ತುದಿಯ ಬಿಸಿಯನ್ನು ಬೇಗ ಬಿಡುವ ಸ್ಪಾರ್ಕ್ ಪ್ಲಗ್) ಬಗ್ಗೆ ನನಗೆ ದೊಡ್ಡ ಅಭಿಪ್ರಾಯವಿಲ್ಲ. ತಣ್ಣಗಾಗುವುದು ಪ್ಲಗ್ಗಿನ ತುದಿ, ಇಂಜಿನ್ ಅಲ್ಲ. ಕೊಳ್ಳುವುದಾದರೆ ನಂಬರ್ ನೋಡಿಕೊಳ್ಳಿ: ಎನ್‌ಜಿಕೆ ಕಂಪನಿಯದರಲ್ಲಿ ನಂಬರ್ ದೊಡ್ಡದಾದಷ್ಟೂ ಕೋಲ್ಡ್, ಬಾಷ್‌ನಲ್ಲಿ ಉಲ್ಟಾ. ಸಿಲಿಂಡರ್ ಸುತ್ತಲಿನ ಫಿನ್‌ಗಳ ಮೇಲೆ ದಪ್ಪಗೆ ಪೌಡರ್ ಕೋಟಿಂಗ್ ಮಾಡಿಸೋದು ಚಂದಕ್ಕೆ ಸರಿ, ಬಿಸಿ ಹೊರಗೆ ಹೋಗಲು ತೆಳ್ಳಗಿನ ಕಪ್ಪು ಹೀಟ್ ಪೇಂಟೇ ವಾಸಿ.

ಇವೆಲ್ಲಕ್ಕಿಂತ ದುಬಾರಿ ಕೆಲಸ ಕ್ರ್ಯಾಂಕಿನ ಆಯಿಲ್ ಸೀಲ್, ಅಂದರೆ ಕ್ರ್ಯಾಂಕ್ ಶಾಫ್ಟಿನ ಸುತ್ತ ಕೂರುವ ರಬ್ಬರ್ ಬಳೆ. ಗೆದ್ದದ್ದೂ ಅದೇ. ಬಲಗಡೆ ಆಲ್ಟರ್ನೇಟರ್ ಹಿಂದಿನ ಸೀಲ್ ಒಣಗಿ ಗಟ್ಟಿಯಾದರೆ ಇಂಜಿನ್ ಅಲ್ಲಿಂದ ಕಳ್ಳಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿ ಕಾರ್ಬ್ಯುರೇಟರಿನ ಲೆಕ್ಕಕ್ಕೇ ಬರುವುದಿಲ್ಲ. ಆಕ್ಸಿಲರೇಟರ್ ಬಿಟ್ಟ ಮೇಲೂ ಸದ್ದು ಕೂಡಲೇ ಇಳಿಯದೆ ಮೇಲೇ ನಿಂತರೆ ಅನುಮಾನ ಪಡಿ. ಬಿಚ್ಚುವ ಮೊದಲು ಪರೀಕ್ಷೆ ಮಾಡಬಹುದು. ಕಾರ್ಬ್ಯುರೇಟರ್ ಬಾಯಿ ಮುಚ್ಚಿ, ಎಕ್ಸಾಸ್ಟ್ ಬಾಯಿಗೆ ರಬ್ಬರ್ ಬಿರಡೆ ಜಡಿದು (ರೋಡ್‌ಕಿಂಗಿಗೆ ಎರಡು ಬೇಕು), ಪ್ಲಗ್ ತೂತಿನಿಂದ ಸೈಕಲ್ ಪಂಪಿನಲ್ಲಿ 6 ಪಿಎಸ್‌ಐ ಗಾಳಿ ತುಂಬಿ. ಅದಕ್ಕಿಂತ ಜಾಸ್ತಿ ಬೇಡ, ಚೆನ್ನಾಗಿರುವ ಸೀಲೂ ಹಾಳಾಗಬಹುದು. ಕೆಲವು ನಿಮಿಷ ಪ್ರೆಶರ್ ಗೇಜಿನ ಮುಳ್ಳು ಅಲ್ಲಾಡದಿದ್ದರೆ ಸರಿ. ಇಳಿದರೆ ಸೋಪಿನ ನೀರು ಸವರಿ. ನನ್ನದರಲ್ಲಿ ಪಾಯಿಂಟ್ (ಕಿಡಿ ಹೊತ್ತಿಸುವ ಸ್ವಿಚ್) ಪ್ಲೇಟ್ ತೆಗೆದು ಸವರಿದ ಕೂಡಲೇ ಶಾಫ್ಟಿನ ಸುತ್ತ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಎದ್ದವು.

ಸೀಲ್ ಬದಲಾಯಿಸಿ, ಪಾಯಿಂಟ್ ಗ್ಯಾಪ್ ಸರಿಮಾಡಿ ಟೈಮಿಂಗ್ (ಕಿಡಿ ಹಾರುವ ಸಮಯ) ಇಟ್ಟ ಮೇಲೆ ಅದೇ ಏರಿನಲ್ಲಿ ಟಣಟಣ ಸದ್ದು ನಿಂತಿತು. ಹೈವೇಗೆ ಅಂತ ದೊಡ್ಡ ಜೆಟ್ ಮತ್ತೆ ಹಾಕಿದರೆ ಈಗ ಅದು ಜಾಸ್ತಿಯೇ ಆಗಿ ಇಂಜಿನ್ ಮುಕ್ಕರಿಸುತ್ತದೆ. ಹಳೇ ಜೆಟ್ಟೇ ಸಾಕಾಯಿತು, ಸೂಜಿ ಒಂದು ಗೀರು ಎದ್ದೇ ಇದೆ.

ಬಲಗಡೆ ಬಿಚ್ಚಿಸಿದ ಮೇಲೆ ಎಡಗಡೆ ಸೀಲನ್ನೂ ಹಾಕಿಸಿಬಿಡಿ. ಅದು ಸೋತರೆ ಕ್ಲಚ್ ಕಡೆಯ ಆಯಿಲ್ ಒಳಗೆ ಹೋಗಿ ಬಿಳಿ ಹೊಗೆ ಶುರುವಾಗುತ್ತದೆ. ಸಾದಾ ನೈಟ್ರೈಲ್ ರಬ್ಬರಿನದು ಅಗ್ಗ. ಎಥನಾಲಿಗೂ ಬಿಸಿಗೂ ತಡೆಯುವುದು ವಿಟಾನ್. ಅದು ಕಂದು ಬಣ್ಣದ್ದೇ ಇರುತ್ತೆ ಅಂತ ಕೆಲವು ಅಂಗಡಿಯವರು ಹೇಳುತ್ತಾರೆ, ಬಣ್ಣ ನಂಬಬೇಡಿ. ಪ್ಯಾಕೆಟ್ ಮೇಲೆ ಎಫ್‌ಕೆಎಂ (ವಿಟಾನ್ ಥರದ ರಬ್ಬರಿನ ಗುರುತು) ಅಂತ ಬರೆದಿದೆಯಾ ನೋಡಿ ತಗೊಳ್ಳಿ.