ಜೋಡಿ ಇಂಜಿನ್‌ಗೆ ಯಾವ ಕೊಂಡಿ? ನಾಲ್ಕನ್ನೂ ಓಡಿಸಿ ನೋಡಿದ್ದು

"ಮಾವ, ಮತ್ತೆ ಬಿಟ್ಕೊಂಡ್ತು!" ಅಂತ ಅಕ್ಕನ ಮಗ ಕೂಗಿದ. ಅಷ್ಟರಲ್ಲಿ ನನ್ನ ಮಾದರಿ ರೈಲಿನ ಹಿಂದಿನ ಇಂಜಿನ್ 14 ವ್ಯಾಗನ್ ಕಟ್ಟಿಕೊಂಡು ಏರಿನ ಬುಡದಲ್ಲೇ ಚಕ್ರ ಉಜ್ಜುತ್ತಿತ್ತು. ಹಗುರಾದ ಮುಂದಿನ ಇಂಜಿನ್ ಒಂದು ಸುತ್ತು ಬಂದು ಅದೇ ಗಾಡಿಯ ಬಾಲಕ್ಕೆ ಗುದ್ದಿತು. ಕೊನೆಯ ವ್ಯಾಗನ್ನಿನ ಮೆಟ್ಟಿಲು ಮುರಿದದ್ದು ಆಗಲೇ. ನಾಲ್ಕು ಬಗೆಯ ಕೊಂಡಿ ತಂದು ಒಂದೊಂದಾಗಿ ಹಾಕಿ ನೋಡಲೇಬೇಕು ಅನ್ನಿಸಿದ್ದೂ ಆಗಲೇ.

ತುಮಕೂರಿನ ಬಟವಾಡಿಯಲ್ಲಿ ನಮ್ಮ ಮನೆ. ತಾರಸಿ ಮೇಲಿನ ಶೀಟ್ ರೂಮಿನಲ್ಲಿ 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಮೇಲೆ ಎಚ್‌ಓ ಹಳಿ ಹಾಕಿದ್ದೇನೆ. ಎಚ್‌ಓ ಅಂದರೆ 1:87 ಅಳತೆ, ಹಳಿಗಳ ನಡುವೆ 16.5 ಮಿ.ಮೀ. ತಿರುವಿನ ತ್ರಿಜ್ಯ 22 ಇಂಚು, ಸೇತುವೆಗೆ ಹತ್ತುವ ಏರು 40ಕ್ಕೆ 1. ಕ್ಯಾತ್ಸಂದ್ರದ ಕಡೆ ಹೋದಾಗೆಲ್ಲ ಜೋಡಿ ಇಂಜಿನ್ ಹಾಕಿದ ಗೂಡ್ಸ್ ಬರುತ್ತದಾ ಅಂತ ಕಾಯುವವನು ನಾನು. ಮನೆಯಲ್ಲೂ ಹಾಗೇ ಓಡಬೇಕು ಅನ್ನೋದು ನನ್ನ ಆಸೆ.

ಮೊದಲನೆಯದು ಇಂಜಿನ್ ಜೊತೆ ಡಬ್ಬಿಯಲ್ಲೇ ಬಂದ ಪ್ಲಾಸ್ಟಿಕ್ ನಕಲ್ ಕಪ್ಲರ್, ಅಂದರೆ ಬೆರಳ ಗೆಣ್ಣಿನಂಥ ಕೊಂಡಿ. ಎರಡು ಕೈಯ ಬೆರಳು ಮಡಿಸಿ ಒಂದಕ್ಕೊಂದು ಸಿಕ್ಕಿಸಿದ ಹಾಗಿರುತ್ತದೆ. ಅಮೆರಿಕದ ಇಲೈ ಜಾನಿ 1873ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದ ಮರಿ ಇದು. ನಮ್ಮ ಗೂಡ್ಸ್ ವ್ಯಾಗನ್‌ಗಳ ಸೆಂಟರ್ ಬಫರ್ ಕಪ್ಲರ್ ಕೂಡ ಅದೇ ವಂಶ. ಆಟಿಕೆಯಲ್ಲಿ ಬೆರಳನ್ನು ಮುಚ್ಚಿ ಹಿಡಿಯುವುದು ಕೂದಲಿನಂಥ ಒಂದು ಪ್ಲಾಸ್ಟಿಕ್ ಎಳೆ. ಮಾರ್ಚ್ ಬಿಸಿಲಿಗೆ ಶೀಟ್ ರೂಮು ಕಾದಾಗ ಗಾಡಿಯನ್ನು ಕಟ್ಟಿದ ಹಾಗೇ ಬಿಟ್ಟಿದ್ದೆ. ಆ ಎಳೆ ಬಾಗಿಯೇ ಉಳಿಯಿತು, ಮತ್ತೆ ಚಿಮ್ಮಲಿಲ್ಲ. ಹಗುರ ಗಾಡಿಗೆ, ಸಮತಟ್ಟು ಹಳಿಗೆ ಸಾಕು. ಜೋಡಿ ಇಂಜಿನ್ ನಡುವೆ ಇದನ್ನು ನಂಬಲಾರೆ.

ಅಯಸ್ಕಾಂತವನ್ನೂ ನೋಡಿದೆ. 3 ಮಿ.ಮೀ. ನಿಯೋಡಿಮಿಯಂ ಗುಂಡಿ ಎರಡು, ಒಂದೊಂದು ಇಂಜಿನ್‌ಗೆ ಒಂದೊಂದು. ಟಕ್ ಅಂತ ಕೂತುಕೊಳ್ಳುವುದು ನೋಡೋಕೆ ಚೆಂದ. ತಿರುವಿನಲ್ಲಿ ಮಾತ್ರ ಮುಖ ಓರೆಯಾಗಿ ಅಂಚಷ್ಟೇ ತಾಗುತ್ತದೆ, ಏರಿನಲ್ಲಿ ಭಾರ ಬಿದ್ದ ತಕ್ಷಣ ಬಿಡುತ್ತದೆ. ಸಾಲದ್ದಕ್ಕೆ ದಾರಿಯಲ್ಲಿ ಬಿದ್ದ ಹಳಿಯ ಮೊಳೆಗಳನ್ನೆಲ್ಲ ಎತ್ತಿಕೊಂಡು ಬರುತ್ತದೆ. ಎರಡೇ ಸಂಜೆಗೆ ತೆಗೆದುಬಿಟ್ಟೆ.

ಮೂರನೆಯದು ಕೇಡೀ ಕಂಪನಿಯ ಲೋಹದ ಕಪ್ಲರ್, 148 ನಂಬರಿನದು. ಬೆರಳಿಗೆ ನಿಜವಾದ ಸುರುಳಿ ಸ್ಪ್ರಿಂಗ್ ಇದೆ. ಕಪ್ಲರನ್ನು ನಡುವಿಗೆ ತರುವ ಮೀಸೆಯಂಥ ತಂತಿ ಎರಡೂ ಪಕ್ಕ ಇದೆ. ಹಾಕಿದ ದಿನವೇ ಅರ್ಧ ತೊಂದರೆ ಹೋಯಿತು. ಉಳಿದರ್ಧ ಎಲ್ಲಿದೆ ಅಂತ ತಿಳಿಯಲು ಕೆನ್ನೆಯನ್ನು ಪ್ಲೈವುಡ್‌ಗೆ ಒತ್ತಿಕೊಂಡು, ಟಾರ್ಚ್ ಹಿಡಿದು, ಏರು ಶುರುವಾಗುವ ಜಾಗ ನೋಡಿದೆ. ಮುಂದಿನ ಇಂಜಿನ್ ಮೂತಿ ಎತ್ತುತ್ತಿದ್ದಂತೆ ಅದರ ಬಾಲ ಕೆಳಗಿಳಿಯುತ್ತದೆ. ಹಿಂದಿನದು ಇನ್ನೂ ಸಮತಟ್ಟಿನಲ್ಲೇ ಇರುತ್ತದೆ. ಎರಡು ಬೆರಳು ಮೇಲೆ ಕೆಳಗೆ ಜಾರಿ, ಕೊನೆಗೆ ಒಂದರ ಅಡಿಯಿಂದ ಇನ್ನೊಂದು ನುಸುಳಿ ಹೋಯಿತು. ಹಳಿಯ ಮೇಲ್ಮೈಯಿಂದ ಕಪ್ಲರಿನ ನಡುವಿಗೆ ಸುಮಾರು 9.9 ಮಿ.ಮೀ. ಇರಬೇಕು. ನನ್ನ ಒಂದು ಇಂಜಿನ್ನಿನಲ್ಲಿ ಅದು ಒಂದು ಮಿಲಿಮೀಟರಿನಷ್ಟು ಕೆಳಗಿತ್ತು. ಕಪ್ಲರನ್ನು ಹಿಡಿದಿಡುವ ಪುಟ್ಟ ಡಬ್ಬಿಯ ಬೆಂಬಲಕ್ಕೆ ತೆಳು ಪ್ಲಾಸ್ಟಿಕ್ ಚೂರು ಕೊಟ್ಟು ಸರಿಮಾಡಿದೆ. ಅಡಿಯಲ್ಲಿ ನೇತಾಡುವ ಬಾಗಿದ ತಂತಿ, ಹಳಿಯ ನಡುವಿನ ಅಯಸ್ಕಾಂತ ಎಳೆದಾಗ ಕಪ್ಲರ್ ಬಿಡಿಸುವಂಥದ್ದು, ಪಾಯಿಂಟ್ಸ್‌ಗೆ (ಹಳಿ ಕವಲೊಡೆಯುವ ಜಾಗಕ್ಕೆ) ತಗುಲುತ್ತಿತ್ತು. ಇಂಜಿನ್‌ಗಳ ನಡುವೆ ಅಯಸ್ಕಾಂತದಿಂದ ಬಿಡಿಸುವ ಕೆಲಸವೇ ಇಲ್ಲವಲ್ಲ, ಅದನ್ನು ಕತ್ತರಿಸಿ ತೆಗೆದೆ. ಎತ್ತರ ಸರಿಹೋದ ಮೇಲೆ ಇದು ಕಳಚಿದ್ದು ತೀರ ಅಪರೂಪ.

ಒಂದು ಎಚ್ಚರಿಕೆ. ಕೆಲವು ಇಂಜಿನ್‌ಗಳ ಲೋಹದ ಚೌಕಟ್ಟಿನಲ್ಲೇ ಕರೆಂಟ್ ಹರಿಯುತ್ತದೆ. ಲೋಹದ ಕೊಂಡಿಯಿಂದ ಎರಡನ್ನು ಸೇರಿಸಿದರೆ ಶಾರ್ಟ್ ಆಗಬಹುದು. ಮೊದಲು ಮಲ್ಟಿಮೀಟರ್ ಇಟ್ಟು ನೋಡಿ.

ಇದು ನನಗೆ ಗೊತ್ತಾದದ್ದು ನಾಲ್ಕನೆಯ ಬಗೆಯಲ್ಲಿ, ಅಂದರೆ ಎರಡು ಇಂಜಿನ್‌ಗೆ ಸ್ಕ್ರೂ ಹಾಕಿ ಕೂರಿಸುವ ಗಟ್ಟಿ ಪಟ್ಟಿಯಲ್ಲಿ. ಮೊದಲು ಹಿತ್ತಾಳೆ ತಂತಿ ಬಗ್ಗಿಸಿ ಹಾಕಿದೆ. ಹಳಿಗಿಟ್ಟ ಕ್ಷಣವೇ ಕಿಡಿ ಹಾರಿ ಕಂಟ್ರೋಲರ್ ಟ್ರಿಪ್ ಆಯಿತು. ಆಮೇಲೆ ಅವಧಿ ಮುಗಿದ ಎಟಿಎಂ ಕಾರ್ಡ್ ನೆನಪಾಯಿತು. ಅದರ ದಪ್ಪ 0.76 ಮಿ.ಮೀ. ಎರಡು ಪಟ್ಟಿ ಕತ್ತರಿಸಿ, ನೀರಿನ ಪೈಪ್‌ಗೆ ಹಚ್ಚುವ ಗಮ್ ಹಚ್ಚಿ, ರಾತ್ರಿಯಿಡೀ ನಿಘಂಟಿನ ಅಡಿ ಇಟ್ಟೆ. ತೂತಿನಿಂದ ತೂತಿಗೆ 18 ಮಿ.ಮೀ. ಇಟ್ಟಾಗ ತಿರುವಿನಲ್ಲಿ ಎರಡು ಇಂಜಿನ್ನಿನ ಮೂಲೆ ತಾಗಿ ಚಕ್ರ ಹಳಿ ಬಿಟ್ಟಿತು. 22ಕ್ಕೆ ಸರಿಹೋಯಿತು. ಒಂದು ತೂತನ್ನು ಅರದಿಂದ ತುಸು ಉದ್ದ ಮಾಡಿ, ಮೇಲೆ ಕೆಳಗೆ ಅಲುಗಲು ಸ್ಕ್ರೂವನ್ನು ಸಡಿಲ ಬಿಟ್ಟೆ. ಇದು ಕಳಚುವ ಪ್ರಶ್ನೆಯೇ ಇಲ್ಲ.

ಕೊಂಡಿಗಿಂತ ಹೆಚ್ಚು ಹೊತ್ತು ಹಿಡಿದದ್ದು ವೇಗ ಹೊಂದಿಸುವ ಕೆಲಸ. ನಿಜವಾದ ಜೋಡಿ ಇಂಜಿನ್‌ಗಳ ನಡುವೆ ಜಂಪರ್ ಕೇಬಲ್ ಇರುತ್ತದೆ, ಮುಂದೆ ಕೂತ ಲೋಕೋ ಪೈಲಟ್ ಎರಡನ್ನೂ ಒಟ್ಟಿಗೆ ನಡೆಸುತ್ತಾರೆ. ನನ್ನವಕ್ಕೆ ಆ ಕೇಬಲ್ ಇಲ್ಲ. ಮುಂದಿನದು ಚುರುಕಾದರೆ ಕೊಂಡಿ ಜಗ್ಗುತ್ತದೆ. ಹಿಂದಿನದು ಚುರುಕಾದರೆ ಮುಂದಿನದನ್ನು ನೂಕಿ ತಿರುವಿನಲ್ಲಿ ಹಳಿ ತಪ್ಪಿಸುತ್ತದೆ. ಹಾಗಾಗಿ ಕೊಂಡಿ ಹಾಕದೆ, ಗೇಣು ದೂರದಲ್ಲಿ ಎರಡನ್ನೂ ಒಂದೇ ಹಳಿಯ ಮೇಲೆ ಓಡಿಸಿದೆ. ಇಂಜಿನ್ನಿನೊಳಗೆ ಡಿಸಿಸಿ ಡಿಕೋಡರ್ ಇದೆ, ಅಂದರೆ ಹಳಿಯ ಮೂಲಕ ಬರುವ ಡಿಜಿಟಲ್ ಆಜ್ಞೆ ಓದಿ ಮೋಟಾರು ನಡೆಸುವ ಚಿಪ್. ಅದರಲ್ಲಿ ನಂಬರು ಹಾಕಿದ ಸೆಟ್ಟಿಂಗುಗಳೇ ಸಿವಿ. ಸಿವಿ 2 ಹೊರಡುವ ವೋಲ್ಟೇಜು, ಸಿವಿ 6 ನಡುವಿನ ವೇಗ, ಸಿವಿ 5 ಗರಿಷ್ಠ ವೇಗ. ನಿಧಾನದ್ದನ್ನು ಅದರ ಮಿತಿಗಿಂತ ಜೋರಾಗಿ ಓಡಿಸಲಾಗದು, ಚುರುಕಿನದನ್ನೇ ತಗ್ಗಿಸಬೇಕು. ಸಿವಿ 3 ಮತ್ತು 4, ಅಂದರೆ ವೇಗ ಏರುವ ಇಳಿಯುವ ಹೊತ್ತು, ಎರಡಕ್ಕೂ ಹೊಂದಬೇಕು. ಕೊನೆಗೆ, ಎರಡೂ ಒಂದೇ ಆಜ್ಞೆ ಕೇಳಲು, ಸಿವಿ 19ರಲ್ಲಿ ಎರಡಕ್ಕೂ ಒಂದೇ ನಂಬರು. ಹಿಂದುಮುಂದಾಗಿ ನಿಂತಿರುವ ಇಂಜಿನ್‌ಗೆ ಅದೇ ನಂಬರಿಗೆ 128 ಕೂಡಿಸಬೇಕು. ಮೂರು ಸಂಜೆ ಹಿಡಿಯಿತು. ಆಮೇಲೆ ಗೇಣು ದೂರ ಐದು ಸುತ್ತಿಗೂ ಗೇಣಾಗಿಯೇ ಉಳಿಯಿತು. ಆಗ ಆದ ಸಂತೋಷ ದೊಡ್ಡದು.

ಇಂಜಿನ್‌ಗಳನ್ನು ಆಗಾಗ ಬೇರೆ ಮಾಡುವವರಿಗೆ ನಾನು ಹೇಳುವುದು ಲೋಹದ ಕಪ್ಲರ್, ಎತ್ತರ ಅಳೆದು ಹಾಕಿದ್ದು. ಜೋಡಿ ಯಾವಾಗಲೂ ಜೋಡಿಯಾಗಿಯೇ ಓಡುವುದಾದರೆ ಪಟ್ಟಿಯೇ ಸರಿ. ನನ್ನ ಜೋಡಿಗೆ ಹೊರತುದಿಗಳಲ್ಲಿ ಕೇಡೀ, ನಡುವೆ ಕಾರ್ಡಿನ ಪಟ್ಟಿ. ಹಳಿ ಒರೆಸುವಾಗ ಎರಡನ್ನೂ ಒಟ್ಟಿಗೇ ಎತ್ತಬೇಕು. ಒಂದನ್ನೇ ಹಿಡಿದು ಎತ್ತಿದರೆ ಇನ್ನೊಂದು ಜೋತುಬಿದ್ದು ಪಟ್ಟಿಯ ತೂತು ಸೀಳುತ್ತದೆ. ಈಗ ಒಂದನ್ನು ಅಕ್ಕನ ಮಗ ಹಿಡಿಯುತ್ತಾನೆ, ಒಂದನ್ನು ನಾನು.