ಅಮಾನೋ ಸೀಗಡಿ ಮರಿ ಮಾಡಿಸುವ ಮುಂಚೆ ಇದನ್ನು ಓದಿ

ಮನೆಯ ಅಕ್ವೇರಿಯಂನಲ್ಲಿ ಅಮಾನೋ ಸೀಗಡಿ ಸಾಕಿದ್ದೀರಾ? ಹೆಣ್ಣಿನ ಹೊಟ್ಟೆಯಡಿ ಮೊಟ್ಟೆ ಕಂಡು ಖುಷಿಯಾಗಿದೆಯಾ? ಹಾಗಾದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಎರಡು ಸಲ ನೂರಾರು ಮರಿಗಳನ್ನು ಕಣ್ಣೆದುರೇ ಕಳೆದುಕೊಂಡಿದ್ದೇನೆ.

ಕೊಳ್ಳುವಾಗ ಅಂಗಡಿಯಲ್ಲಿ ಕೇಳಿದ್ದೆ. "ಚೆರ್ರಿ ಥರಾನೇ ಸರ್, ಸುಮ್ನೆ ಬಿಡಿ, ತಾನಾಗೇ ಮರಿ ಆಗುತ್ತೆ" ಅಂದರು. ನಮ್ಮಲ್ಲಿದ್ದ ಚೆರ್ರಿ ಸೀಗಡಿಗಳು ನಿಜವಾಗಿಯೂ ಹಾಗೇ. ಮೊಟ್ಟೆಯೊಡೆದ ಮರಿ ತಾಯಿಯ ಹಾಗೇ ಇರುತ್ತದೆ, ಅವತ್ತೇ ಪಾಚಿ ಕೆರೆದು ತಿನ್ನುತ್ತದೆ. ಹಾಗಾಗಿ ನಂಬಿದೆ.

ಅಮಾನೋ ಕತೆಯೇ ಬೇರೆ. ಇದು ಜಪಾನ್, ತೈವಾನ್ ಕಡೆಯ ಹೊಳೆಗಳ ಸೀಗಡಿ. ಅಲ್ಲಿ ಮರಿಗಳು ಹೊಳೆಯಲ್ಲಿ ತೇಲಿ ಸಮುದ್ರ ಸೇರುತ್ತವೆ. ಅಲ್ಲೇ ಬೆಳೆದು ಮತ್ತೆ ಹೊಳೆಗೆ ಹತ್ತಿ ಬರುತ್ತವೆ. ಸಿಹಿನೀರಿನಲ್ಲೇ ಉಳಿದರೆ ಕೆಲವೇ ದಿನ ಬದುಕುತ್ತವೆ.

ಮೊದಲ ಸಲ ರಾತ್ರಿ ಟಾರ್ಚ್ ಹಿಡಿದರೆ ಬೆಳಕಿನ ಕಡೆಗೆ ಧೂಳಿನಂಥ ಚುಕ್ಕಿಗಳು ಮುತ್ತಿದವು. ಒಂದೊಂದೂ 2 ಮಿಲಿಮೀಟರ್ ಇದ್ದರೆ ಜಾಸ್ತಿ. ತಲೆ ಕೆಳಗಾಗಿ ತೂಗಾಡುತ್ತಿದ್ದವು. ಐದನೇ ರಾತ್ರಿ ಟಾರ್ಚ್ ಹಿಡಿದಾಗ ಒಂದೂ ಬರಲಿಲ್ಲ.

ಎರಡನೇ ಸಲ ಉಪ್ಪುನೀರು ಬೇಕು ಅಂತ ತಿಳಿದಿತ್ತು. ಜಾಡಿ ನೀರಿನಲ್ಲಿ ಅಡುಗೆಮನೆಯ ಕಲ್ಲುಪ್ಪು ಕರಗಿಸಿ, ಮರಿಗಳನ್ನು ಅದಕ್ಕೆ ಬಿಟ್ಟೆ. ಸಮುದ್ರದಿಂದಲೇ ಬಂದದ್ದು ತಾನೇ ಅಂದುಕೊಂಡೆ. ಆದರೆ ಗೋಕರ್ಣದ ಹತ್ತಿರದ ಸಾಣಿಕಟ್ಟಾದಂಥ ಉಪ್ಪಿನಾಗರದಲ್ಲಿ ಹರಳು ಕಟ್ಟುವಾಗ ಮೆಗ್ನೀಷಿಯಂ, ಪೊಟ್ಯಾಸಿಯಂ ಬಹುಪಾಲು ಮಿಕ್ಕ ನೀರಿನಲ್ಲೇ ಉಳಿದುಬಿಡುತ್ತವೆ. ಮರಿಗೆ ಅವೆಲ್ಲ ಬೇಕು. ಸಾಲದ್ದಕ್ಕೆ, ಬಾಲ್ಕನಿ ಟಬ್ಬಿನಲ್ಲಿ ಬೆಳೆಸಿದ್ದ ಹಸಿರು ನೀರನ್ನು ಊಟಕ್ಕೆ ಅಂತ ಸುರಿದೆ. ಅದು ಸಿಹಿನೀರಿನ ಪಾಚಿ, ಉಪ್ಪಿಗೆ ಸತ್ತು ತಳದಲ್ಲಿ ಕಂದು ಲೋಳೆಯಾಯಿತು. ಮೂರನೇ ದಿನ ಜಾಡಿ ಮುಚ್ಚಳ ತೆಗೆದರೆ ಕೊಳೆತ ವಾಸನೆ. ಗಾಜಿನಂತಿದ್ದ ಮರಿಗಳು ಹಾಲು ಬಣ್ಣಕ್ಕೆ ತಿರುಗಿ ಲೋಳೆಯ ಮೇಲೆ ಬಿದ್ದಿದ್ದವು. ಅದನ್ನು ಚೆಲ್ಲುವಾಗ ಆದ ಸಂಕಟ ಈಗಲೂ ಹೋಗಿಲ್ಲ.

ಕಡಲ ಮೀನಿನ ಅಕ್ವೇರಿಯಂಗೆ ಅಂತಲೇ ಮಾರುವ ಉಪ್ಪು ತನ್ನಿ. ಲೀಟರಿಗೆ ಸುಮಾರು 30ರಿಂದ 35 ಗ್ರಾಂ. ಅಳೆಯದೆ ಅಂದಾಜಿಗೆ ಹಾಕಬೇಡಿ. ಊಟಕ್ಕೆ ಟೆಟ್ರಾಸೆಲ್ಮಿಸ್‌ನಂಥ ಉಪ್ಪುನೀರಿನ ಪಾಚಿಯೇ ಆಗಬೇಕು. ಅದು ಬೆಳೆಯಲು ವಾರಗಳೇ ಹಿಡಿಯುತ್ತವೆ. ತಾಯಿ ಮೊಟ್ಟೆ ಹೊರುವುದು ಒಂದು ತಿಂಗಳ ಆಸುಪಾಸು, ಹಾಗಾಗಿ ಮೊಟ್ಟೆ ಕಂಡ ದಿನವೇ ಪಾಚಿ ಶುರು ಮಾಡಿ. ಮರಿಗಳ ಜಾಡಿಗೆ ಫಿಲ್ಟರ್ ಬೇಡ, ಎಳೆದುಕೊಂಡುಬಿಡುತ್ತದೆ. ಮೆಲ್ಲಗೆ ಗುಳ್ಳೆ ಬರುವಷ್ಟು ಗಾಳಿ ಸಾಕು.

ಇಷ್ಟೆಲ್ಲ ಮಾಡಿದ ಮೇಲೆ, ಮೂರನೇ ಸಲ ನನಗೆ ಉಳಿದದ್ದು 11. 41ನೇ ದಿನ ಒಂದು ಮರಿ ತೂಗಾಡುವುದು ಬಿಟ್ಟು, ಗಾಜಿಗೆ ಕಾಲೂರಿ, ದೊಡ್ಡ ಸೀಗಡಿಯ ಹಾಗೆ ನಡೆಯಿತು. ಆ ನಡಿಗೆ ಕಂಡ ಮೇಲೆ ತಡ ಮಾಡಬೇಡಿ. ಇನ್ನು ಅದಕ್ಕೆ ಬೇಕಾದದ್ದು ಸಿಹಿನೀರು. ನಾನು ಉಳಿದವೂ ನಡೆಯಲಿ ಅಂತ ಕಾದು, ಆ 11ರಲ್ಲೂ ಎರಡನ್ನು ಕಳೆದುಕೊಂಡೆ.